ವರ್ಗಣಿ ಕೊಟ್ಟ ಮನೆಗೆ ಬರೆಯುವದು

ಪೇಟೆಯಲ್ಲಿ ತೂಗುಹಾಕಿ ಮಾರುವ ಪತ್ರಿಕೆಗೆ ಬರೆಯುವದು ಒಂದು ಬಗೆ; ಹೆಸರು-ವಿಳಾಸ ಬರೆಯಿಸಿ, ವರ್ಷದ ವರ್ಗಣಿಯನ್ನು ಮುಂಗಡವಾಗಿ ಎಣಿಸಿ, ‘ನಮ್ಮ ಮನೆಗೆ ಕಳಿಸುತ್ತಿರಿ’ ಎಂದು ಹೇಳಿಹೋದ ಗೃಹಸ್ಥನಿಗಾಗಿ ಬರೆಯುವದು ಇನ್ನೊಂದು ಬಗೆ. ಮೊದಲನೆಯವನು ಹಾದಿಹೋಕನು, ಮುಖಪುಟವು ಕಣ್ಣಿಗೆ ಬಿದ್ದರೆ ಕೊಂಡಾನು, ಬೀಳದಿದ್ದರೆ ಮುಂದೆ ನಡೆದಾನು. ಎರಡನೆಯವನು ಹಣ ಕೊಟ್ಟಾಗ ಮುಂದಿನ ಹನ್ನೆರಡು ಸಂಚಿಕೆಗಳಲ್ಲಿ ಒಂದು ಅಕ್ಷರವೂ ಬರೆಯಲ್ಪಟ್ಟಿರಲಿಲ್ಲ. ಅಂದ ಮೇಲೆ ಅವನು ಕೊಂಡದ್ದು ಲೇಖನವನ್ನಲ್ಲ, ಬರೆಯುವವರ ಮಾತನ್ನು. ವರ್ಷ ತೀರಿದ ಮೇಲೆ ಅವನು ಮತ್ತೆ ವರ್ಗಣಿ ಕೊಡುವನೋ, ಕೈಬಿಡುವನೋ ಎಂಬುದೇ ಆ ಮಾತಿನ ಪರೀಕ್ಷೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳಲ್ಲಿ ಒಂದಿಲ್ಲೊಂದು ಸಂಘದ ಸದಸ್ಯರಿಲ್ಲದ ಮನೆ ವಿರಳ. ಸಕ್ಕರೆ ಕಾರಖಾನೆಯ ಶೇರು, ಪತ್ತಿನ ಸಹಕಾರಿ ಸಂಘದ ಪುಸ್ತಕ, ಹಾಲಿನ ಸಂಘದ ಚೀಟಿ, ವಾಚನಾಲಯದ ಸದಸ್ಯತ್ವ, ಸಮಾಜದ ವಾರ್ಷಿಕ ವರ್ಗಣಿ ಇವುಗಳಲ್ಲಿ ಎರಡಾದರೂ ಮನೆಯ ಪೆಟ್ಟಿಗೆಯಲ್ಲಿ ಇದ್ದೇ ಇರುವವು. ಇಂಥ ಸಂಘಗಳಲ್ಲಿ ಕೆಲವು ತಮ್ಮ ಸದಸ್ಯರಿಗಾಗಿ ತಿಂಗಳಿಗೊಂದು ಪತ್ರಿಕೆಯನ್ನು ಹೊರಡಿಸುವ ಮನಸ್ಸು ಮಾಡುವದುಂಟು. ಆಗ ಊರಿನ ನಿವೃತ್ತ ಶಿಕ್ಷಕರನ್ನು ಹಿಡಿದು, ‘ಮಾಸ್ತರ, ನೀವು ತಿಂಗಳಿಗೆ ನಾಲ್ಕು ಪುಟ ಬರಕೊಡ್ರಿ’ ಎಂದು ಗಂಟು ಬೀಳುವರು. ಹೀಗೆ ಗಂಟುಬಿದ್ದವರ ಮಾತನ್ನು ತೆಗೆದುಹಾಕಲಾರದೆ ಲೇಖಣಿ ಹಿಡಿದ ಗೃಹಸ್ಥರೂ ಗೃಹಿಣಿಯರೂ ನಮ್ಮ ವಾಚಕರಲ್ಲಿಯೇ ಇರಬಹುದಾದ್ದರಿಂದ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಚರ್ಚಿಸುವದು ಅಪ್ರಸ್ತುತವಾಗಲಾರದು.

ಹೊರಟ ಪತ್ರಿಕೆಯು ನಾಲ್ಕನೆಯ ಸಂಚಿಕೆಯೊಳಗಾಗಿ ಉಸಿರು ಬಿಟ್ಟರೆ ‘ಹಣ ಸಾಲಲಿಲ್ಲ’ ಎಂದು ಹೇಳುವ ವಾಡಿಕೆಯಿದೆ. ನಮ್ಮ ಅಭಿಪ್ರಾಯದಲ್ಲಿ ಹಣವು ಕೊನೆಗೆ ತೀರುವ ವಸ್ತು. ಅದಕ್ಕಿಂತ ಮೊದಲು ತೀರುವದು ಓದುವವನ ಕುತೂಹಲ. ಮೊದಲನೆಯ ಪುಟದಲ್ಲಿ ಅಧ್ಯಕ್ಷರ ಭಾವಚಿತ್ರ, ಎರಡನೆಯದರಲ್ಲಿ ಉಪಾಧ್ಯಕ್ಷರು ಶಾಲು ಹೊದಿಸಿಕೊಂಡದ್ದು, ಮೂರನೆಯದರಲ್ಲಿ ಅವರೇ ಇನ್ನೊಬ್ಬರಿಗೆ ಶಾಲು ಹೊದಿಸಿದ್ದು, ನಾಲ್ಕನೆಯದರಲ್ಲಿ ಹಿತನುಡಿ. ಸಂಘವು ಕನ್ನಡಿಯ ಮುಂದೆ ನಿಂತು ತನ್ನನ್ನೇ ನೋಡಿಕೊಂಡ ಹಾಗಾಯಿತು. ಸದಸ್ಯನಾದರೋ ಆ ಹಾಳೆಗಳಲ್ಲಿ ತನ್ನ ಹೊಲ, ತನ್ನ ಮನೆ, ತನ್ನ ಮಕ್ಕಳ ಚಿಂತೆ ಎಲ್ಲಿಯಾದರೂ ಕಂಡೀತೇ ಎಂದು ಹುಡುಕಿ, ಕಾಣದೆ, ಅದನ್ನು ಒಲೆಯ ಹತ್ತಿರ ಇಡುವನು.

ಇದಕ್ಕೆ ಪ್ರತಿಯಾದ ಉದಾಹರಣೆಯು ನಮ್ಮ ನೆರೆಯಲ್ಲಿಯೇ ದೊರೆಯುವದು. ಮಿರಜದಿಂದ ಬೆಳಗಾವಿಯ ಕಡೆಗೆ ಬರುವ ರೇಲ್ವೆ ಮಾರ್ಗವು ಶೇಡಬಾಳ, ಉಗಾರ, ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ ಈ ನಿಲ್ದಾಣಗಳನ್ನು ಹಾಯ್ದು ಹೋಗುವದಷ್ಟೆ. ಅದೇ ಮಾರ್ಗದಲ್ಲಿ ಮಿರಜದಿಂದ ಪುಣೆಯ ಕಡೆಗೆ ಹೋದರೆ ಕಿರ್ಲೋಸ್ಕರವಾಡಿಯು ಬರುವದು. ಬೆಳಗಾವಿಯಲ್ಲಿ ಸಾಯಕಲ್ಲಿನ ಅಂಗಡಿಯಿಂದ ಉದ್ಯೋಗ ಆರಂಭಿಸಿದ ಲಕ್ಷ್ಮಣರಾವ ಕಿರ್ಲೋಸ್ಕರರು 1910ನೆಯ ಇಸ್ವಿಯಲ್ಲಿ ಅಲ್ಲಿ ನೇಗಿಲಿನ ಕಾರಖಾನೆಯನ್ನು ನೆಲೆಗೊಳಿಸಿದರು. 1920ರಲ್ಲಿ ಆ ಕಾರಖಾನೆಯಿಂದ ‘ಕಿರ್ಲೋಸ್ಕರ ಖಬರ’ ಎಂಬ ಚಿಕ್ಕ ಮರಾಠಿ ಪತ್ರಿಕೆಯು ಹೊರಟಿತು. ಮೂಲ ಉದ್ದೇಶವು ಕಾರಖಾನೆಯ ಸಮಾಚಾರವನ್ನು ಗಿರಾಕಿಗಳಿಗೆ ತಿಳಿಸುವದು. ಕೇವಲ ತಮ್ಮ ನೇಗಿಲುಗಳ ಗುಣಗಾನವನ್ನೇ ಮಾಡಿದ್ದರೆ ಅದರ ಆಯುಷ್ಯವೂ ಅಷ್ಟಕ್ಕಷ್ಟೇ ಆಗುತ್ತಿತ್ತು. ಸಂಪಾದಕರಾದ ಶಂಕರರಾವ ಕಿರ್ಲೋಸ್ಕರರು ನೇಗಿಲು ಕೊಂಡವನ ಮನೆಯಲ್ಲಿ ಹೆಂಡತಿಯಿರುವಳು, ಮಕ್ಕಳಿರುವರು, ಉದ್ಯೋಗದ ಆಸೆಯುಳ್ಳ ತರುಣನಿರುವನು ಎಂಬುದನ್ನು ಕಂಡುಕೊಂಡರು. ಖಬರಿನ ಹಾಳೆಯು ‘ಕಿರ್ಲೋಸ್ಕರ’ ಎಂಬ ಕುಟುಂಬದ ಮಾಸಿಕವಾಯಿತು. 1930ರಲ್ಲಿ ಅದರ ಜೊತೆಗೆ ‘ಸ್ತ್ರೀ’ ಎಂಬ ಮಾಸಿಕವೂ ಹುಟ್ಟಿತು. ಲೇಖಕನು ಮಾರುವವನ ಬದಿಯಿಂದ ಎದ್ದು ಕೊಳ್ಳುವವನ ಬದಿಗೆ ಬಂದು ಕುಳಿತದ್ದೇ ಇಲ್ಲಿ ನಡೆದ ಸಂಗತಿ.

ಅದೇ ರೇಲ್ವೆ ಮಾರ್ಗದ ಇನ್ನೊಂದು ಬದಿಯಿಂದ, ಎಂದರೆ ಧಾರವಾಡದ ಕಡೆಯಿಂದ, ಕನ್ನಡದ ಪುಸ್ತಕಗಳು ಬರುತ್ತಿದ್ದವು. ಈ ಭಾಗದ ಓದುವ ಮನೆಗೆ ಎರಡು ಬಾಗಿಲು. ಮರಾಠಿಯಲ್ಲಿ ಒಳ್ಳೆಯದು ಸಿಕ್ಕಿದರೆ ಮನೆಯವರು ಅದನ್ನು ಸಂತೋಷದಿಂದ ಓದುವರು. ಕನ್ನಡದಲ್ಲಿ ಸಿಕ್ಕಿದರೆ ಇದನ್ನೂ ಓದುವರು. ಆದ್ದರಿಂದ ಇಲ್ಲಿ ಕನ್ನಡದಲ್ಲಿ ಬರೆಯುವವನು, ‘ಭಾಷಾಭಿಮಾನವಿಟ್ಟು ಓದಿರಿ’ ಎಂದು ಕೇಳಿಕೊಂಡರೆ ನಡೆಯದು. ಬೆಂಗಳೂರಿನ ಲೇಖಕನಿಗಿಲ್ಲದ ಈ ಪರೀಕ್ಷೆಯು ನಮ್ಮವರಿಗೆ ಕಷ್ಟದ್ದೆನಿಸಿದರೂ ಒಳಿತನ್ನೇ ಮಾಡುವದೆಂದು ನಾವು ತಿಳಿದಿರುವೆವು.

ಇಂಥ ಪರೀಕ್ಷೆಯನ್ನು ಮೊದಲು ಗೆದ್ದವರಲ್ಲಿ ಗಳಗನಾಥರು ಅಗ್ರಗಣ್ಯರು. ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ಹೆಸರು, ಹಾವೇರಿಯ ಕಡೆಯವರು, ಜನ್ಮ 1869, ಮರಣ 1942. ಮರಾಠಿಯ ಕಾದಂಬರಿಗಳೇ ಧಾರವಾಡದ ಕಡೆಯ ಮನೆಗಳಲ್ಲಿ ಮೆರೆಯುತ್ತಿದ್ದ ಕಾಲದಲ್ಲಿ ಅವರು ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ಇಳಿಸಿದರು, ಸ್ವತಂತ್ರವಾಗಿಯೂ ಬರೆದರು. 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ ‘ಸದ್ಬೋಧ ಚಂದ್ರಿಕೆ’ಯನ್ನು ಮನೆಮನೆಗೆ ಮುಟ್ಟಿಸಿದ ಕೀರ್ತಿಯು ಅವರದು. ಬರೆಯುವದು, ಅಚ್ಚು ಹಾಕಿಸುವದು, ಕಟ್ಟನ್ನು ಹೊತ್ತುಕೊಂಡು ಊರಿಂದ ಊರಿಗೆ ಹೋಗಿ ಮಾರುವದು, ಮೂರೂ ಕೆಲಸಗಳನ್ನು ಅವರೇ ಮಾಡಿದರು. ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತ ಅವರ ಚಿತ್ರವನ್ನು ಕಂಡು ಕಣ್ಣಲ್ಲಿ ನೀರು ತಂದುಕೊಳ್ಳುವ ಪದ್ಧತಿ ನಮ್ಮಲ್ಲಿ ಬೆಳೆದಿದೆ. ಕಷ್ಟವೇನೋ ನಿಜ. ಆದರೆ ಅದರ ಲಾಭವನ್ನೂ ನೋಡಬೇಕು. ಯಾರ ಜಗಲಿಯ ಮೇಲೆ ಗಂಟು ಇಳಿಸಿದರೋ ಅವರ ಮುಖವನ್ನು ಲೇಖಕರು ಕಂಡರು. ಮನೆಯಲ್ಲಿ ಯಾರು ಓದುವರು, ಯಾರು ಕೇಳುವರು, ಎಲ್ಲಿ ಬೇಸರಪಡುವರು ಎಂಬುದನ್ನು ಕಿವಿಯಾರೆ ಕೇಳಿದರು. ಮುಂದಿನ ಪ್ರಕರಣವನ್ನು ಬರೆಯಲು ಕುಳಿತಾಗ ಆ ಮುಖಗಳು ಅವರ ಮುಂದೆ ಇದ್ದವು. ಇಂದು ಸದಸ್ಯರ ಪತ್ರಿಕೆಗೆ ಬರೆಯುವವರು ಗಂಟು ಹೊರಬೇಕಾಗಿಲ್ಲ. ವರ್ಷಕ್ಕೆ ಹತ್ತು ಮನೆಗಳಿಗೆ ಹೋಗಿ ಒಂದು ತಾಸು ಕುಳಿತು ಬಂದರೆ ಸಾಕು.

1933ರಲ್ಲಿ ಧಾರವಾಡದಲ್ಲಿ ಹುಟ್ಟಿದ ಮನೋಹರ ಗ್ರಂಥಮಾಲೆಯು ಈ ಸಂಬಂಧವನ್ನು ಇನ್ನೊಂದು ರೀತಿಯಿಂದ ಬೆಳೆಸಿತು. ಜಿ. ಬಿ. ಜೋಶಿಯವರು ಅದರ ಜೀವಾಳವಾಗಿದ್ದರು. ವರ್ಷಕ್ಕೊಮ್ಮೆ ವರ್ಗಣಿ ಪಡೆದು, ಆ ವರ್ಷ ಪ್ರಕಟವಾದ ಪುಸ್ತಕಗಳನ್ನು ಸದಸ್ಯರ ಮನೆಗೆ ಕಳಿಸುವದು ಅವರ ಕ್ರಮ. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಯಾವ ಪುಸ್ತಕ ಬೇಕೆಂದು ಆರಿಸುವ ಕೆಲಸವನ್ನು ಸದಸ್ಯನು ಗ್ರಂಥಮಾಲೆಗೇ ಒಪ್ಪಿಸಿಬಿಟ್ಟಿದ್ದನು. ರುಚಿಸುವ ಕಾದಂಬರಿಗಳಿಂದ ನಂಬುಗೆ ಗಳಿಸಿದ್ದರಿಂದಲೇ, ಮುಂದೆ ಹೊಸ ದಾರಿಯ ಬರಹಗಳನ್ನೂ ಅದೇ ಕಟ್ಟಿನಲ್ಲಿ ಇಟ್ಟು ಕಳಿಸಲು ಜೋಶಿಯವರಿಗೆ ಸಾಧ್ಯವಾಯಿತು. 1961ರಲ್ಲಿ ಅವರು ‘ಯಯಾತಿ’ಯನ್ನು ಪ್ರಕಟಿಸಿದಾಗ ಅದರ ಕರ್ತೃ ಗಿರೀಶ ಕಾರ್ನಾಡರು ಇಪ್ಪತ್ತಮೂರು ವರ್ಷದ ಅಪರಿಚಿತ ತರುಣರು. ಅಂಗಡಿಯಲ್ಲಿಟ್ಟಿದ್ದರೆ ಎಷ್ಟು ಜನರು ಕೈಯಲ್ಲಿ ಹಿಡಿದು ನೋಡುತ್ತಿದ್ದರೋ! ಓದುಗನು ಈಗಾಗಲೇ ಬಲ್ಲದ್ದನ್ನೇ ಕೊಡುತ್ತಿರಬೇಕೆಂದು ಹೇಳುವವರಿಗೆ ಇದು ಉತ್ತರ. ಮೊದಲು ಬೇಕಾದದ್ದನ್ನು ಕೊಟ್ಟವನು, ಆಮೇಲೆ ಬೇಕಾಗಬಹುದಾದದ್ದನ್ನು ಕೊಡುವ ಅಧಿಕಾರವನ್ನು ಪಡೆಯುವನು. ಕ್ರಮ ತಪ್ಪಿದರೆ ಎರಡೂ ಇಲ್ಲ.

ಇನ್ನು ಬರೆಯುವ ರೀತಿಯ ವಿಚಾರ. ನಮ್ಮ ಭಾಗದ ಪ್ರವಾಹವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 2005, 2019, 2021 ಈ ವರ್ಷಗಳಲ್ಲಿ ಕೃಷ್ಣೆಯು ದಂಡೆ ಮೀರಿ ಹರಿದದ್ದನ್ನು ಇಲ್ಲಿಯ ಯಾವ ಮನೆಯವರೂ ಮರೆತಿಲ್ಲ. ಮಳೆಗಾಲದ ಸಂಚಿಕೆಗೆ ಈ ವಿಷಯದ ಮೇಲೆ ಬರೆಯ ಹೇಳಿದರೆ, ‘ಪ್ರಕೃತಿಮಾತೆಯು ಮುನಿದಾಗ ಮಾನವನು ತೃಣಸಮಾನನು’ ಎಂದು ಆರಂಭಿಸುವವರೇ ಹೆಚ್ಚು. ನದಿಯ ದಂಡೆಯಲ್ಲಿ ವಾಸಿಸುವವನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಅವನು ತಿಳಿಯಬಯಸುವದೇ ಬೇರೆ. ದಿನಪತ್ರಿಕೆಯಲ್ಲಿ ‘ರಾಜಾಪುರ ಬ್ಯಾರೇಜಿನಿಂದ ಇಷ್ಟು, ದೂಧಗಂಗೆಯಿಂದ ಇಷ್ಟು, ಕೂಡಿ ಕಲ್ಲೋಳದ ಹತ್ತಿರ ಇಷ್ಟು ಕ್ಯೂಸೆಕ್ಸ್’ ಎಂದು ಬರುವದಲ್ಲ, ಆ ‘ಇಷ್ಟು’ ಎಂದರೆ ಎಷ್ಟು? ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಸುಮಾರು 28 ಲೀಟರು. ಒಂದು ಲಕ್ಷ ಕ್ಯೂಸೆಕ್ಸ್ ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರಿಗೂ ಮಿಕ್ಕಿದ ನೀರು. ಮಾಳಿಗೆಯ ಮೇಲೆ ಇಡುವ ಸಾವಿರ ಲೀಟರಿನ ಟಾಕಿಗಳನ್ನು ಸಾಲಾಗಿ ಇಟ್ಟರೆ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಎರಡು ಸಾವಿರದ ಎಂಟುನೂರು ಟಾಕಿಗಳು ತುಂಬಿಹೋಗುವವು. ಹೀಗೆ ಹೇಳಿದಾಗ ಮನೆಯ ಮುದುಕಿಗೂ ಅಂಕಿಯು ಅರ್ಥವಾಗುವದು.

ಅಷ್ಟಕ್ಕೇ ನಿಲ್ಲಿಸಬಾರದು. ನೀರು ಏರಿದಾಗ ಕಲ್ಲೋಳ–ಯಡೂರ ಬಾಂದಾರವು ಮುಳುಗುವದು; ಕುಡಚಿ–ಉಗಾರ ಸೇತುವೆಯ ಮೇಲೆ ನೀರು ಬಂದರೆ ರಾಯಬಾಗ ಮತ್ತು ಕಾಗವಾಡ ತಾಲೂಕುಗಳ ನಡುವಿನ ಹತ್ತಿರದ ಹಾದಿ ಕಡಿಯುವದು. ಯಾವ ಹಾದಿ ಮೊದಲು ಮುಚ್ಚುವದು, ಸುತ್ತು ಹಾದಿ ಯಾವದು, ದನಗಳನ್ನು ಯಾವಾಗ ಎತ್ತರಕ್ಕೆ ಹೊಡೆಯಬೇಕು, ಹೊಲದ ಉತಾರ, ಬ್ಯಾಂಕಿನ ಪುಸ್ತಕ, ಮಕ್ಕಳ ಶಾಲೆಯ ದಾಖಲೆ ಇವುಗಳನ್ನು ಯಾವದರಲ್ಲಿ ಸುತ್ತಿ ಇಡಬೇಕು, ಇವನ್ನು ಊರಿನಲ್ಲಿ ಅನುಭವಿಸಿದವರನ್ನು ಕೇಳಿ ಬರೆಯಬೇಕು. ಇಂಥ ಲೇಖನವನ್ನು ಮನೆಯವರು ಕತ್ತರಿಸಿ ದೇವರ ಮನೆಯ ಮಾಡದಲ್ಲಿ ಇಟ್ಟುಕೊಳ್ಳುವರು. ಬೇಸಗೆಯಲ್ಲಿ ವರ್ಗಣಿ ಕೇಳಲು ಹೋದಾಗ ಅದು ಅಲ್ಲಿಯೇ ಇರುವದು.

ಕಬ್ಬಿನ ಬಿಲ್ಲಿನ ಮಾತೂ ಹೀಗೆಯೇ. 2025–26ರ ಹಂಗಾಮಿಗೆ ಕೇಂದ್ರ ಸರಕಾರವು ಗೊತ್ತುಪಡಿಸಿದ ಎಫ್.ಆರ್.ಪಿ. ದರವು ಕ್ವಿಂಟಲಿಗೆ 355 ರೂಪಾಯಿ, ಎಂದರೆ ಟನ್ನಿಗೆ 3550. ಇದು 10.25 ಶೇಕಡಾ ಇಳುವರಿಗೆ ಹೇಳಿದ ದರ, ಇಳುವರಿಯು 0.1 ಏರಿದ ಹಾಗೆ ಕ್ವಿಂಟಲಿಗೆ 3 ರೂಪಾಯಿ 46 ಪೈಸೆ ಕೂಡುವದು. ಹೀಗಾಗಿ 11.25 ಇಳುವರಿಯ ಕಾರಖಾನೆಗೆ ಟನ್ನಿಗೆ 3896 ರೂಪಾಯಿ ಆಯಿತು. ಆದರೆ ದರವು ಕಾರಖಾನೆಯ ಬಾಗಿಲಿನದು. ಕಟಾವು ಮತ್ತು ಸಾಗಾಣಿಕೆಯ ಖರ್ಚು ಅದರಲ್ಲಿಯೇ ಕಳೆಯುವದು. ಆ ಖರ್ಚು ಟನ್ನಿಗೆ 900 ಎಂದು ಹಿಡಿದರೆ ಕೈಗೆ ಬರುವದು 2996. ಇಷ್ಟನ್ನು ಒಂದು ಪುಟದಲ್ಲಿ ಲೆಕ್ಕ ಹಾಕಿ ತೋರಿಸಿದ ಲೇಖನವು, ರೈತನೇ ದೇಶದ ಬೆನ್ನೆಲುಬೆಂದು ಹೊಗಳಿದ ಹತ್ತು ಪುಟಗಳಿಗಿಂತ ರೈತನ ಹೆಂಡತಿಗೆ ಹೆಚ್ಚು ಉಪಯೋಗದ್ದು. ಸಂಘದ ಚಾಲಕರಿಗೆ ಇಂಥ ಲೆಕ್ಕ ಕೆಲವೊಮ್ಮೆ ರುಚಿಸದು. ಆಗ ಲೇಖಕನು ತಾನು ಯಾರಿಗಾಗಿ ಬರೆಯುತ್ತಿರುವೆನೆಂಬುದನ್ನು ಮೆತ್ತಗೆ ನೆನಪು ಮಾಡಿಕೊಡಬೇಕು; ಕಾಗದ ಕೊಂಡದ್ದು ಸದಸ್ಯರ ಹಣದಿಂದ.

ಭಾಷೆಯ ವಿಷಯದಲ್ಲಿ ಒಂದು ಮಾತು. ಅಚ್ಚಿಗೆ ಹೋಗುವದೆಂದ ಕೂಡಲೇ ನಮ್ಮವರು ವರ್ಗಣಿಯನ್ನು ‘ಚಂದಾ’ ಎಂದೂ, ಬಾಂದಾರವನ್ನು ‘ಕಿರು ಅಣೆಕಟ್ಟು’ ಎಂದೂ, ಹಂಗಾಮನ್ನು ‘ಋತು’ ಎಂದೂ ತಿದ್ದತೊಡಗುವರು. ಮರಾಠಿಯ ಸಂಪರ್ಕದಿಂದ ಬಂದ ಶಬ್ದಗಳ ಬಗ್ಗೆ ನಾಚುವ ಕಾರಣವಿಲ್ಲ. ಮನೆಯಲ್ಲಿ ಆಡುವ ಶಬ್ದವು ಪುಟದಲ್ಲಿ ಕಂಡಾಗಲೇ ಓದುವವಳು ‘ಇದು ನಮ್ಮದು’ ಎನ್ನುವಳು. ಕಾಗವಾಡ ತಾಲೂಕಿನ ಶೇಡಬಾಳದಲ್ಲಿ 1918ರಲ್ಲಿ ಜನಿಸಿದ ಮಿರ್ಜಿ ಅಣ್ಣಾರಾಯರು ಶಾಲಾ ಶಿಕ್ಷಕರಾಗಿದ್ದುಕೊಂಡೇ ಕಾದಂಬರಿಕಾರರಾದವರು. ಅವರ ‘ನಿಸರ್ಗ’ವು ಈ ನೆಲದ ಜೈನ ಒಕ್ಕಲು ಮನೆತನಗಳ ಬಾಳನ್ನು ಕನ್ನಡ ನಾಡಿಗೆಲ್ಲ ಪರಿಚಯಿಸಿತು. ಅವರು ತಮ್ಮ ಊರನ್ನು ಬಿಟ್ಟು ವಸ್ತುವನ್ನು ಹುಡುಕಲು ದೂರ ಹೋಗಲಿಲ್ಲ. ಇತ್ತ ಗೋಕಾಕ ತಾಲೂಕಿನ ಬೆಟಗೇರಿ ಕೃಷ್ಣಶರ್ಮರು ‘ಜಯಂತಿ’ ಮಾಸಿಕವನ್ನು ಎರಡು ದಶಕಗಳಿಗೂ ಮೇಲ್ಪಟ್ಟು ನಡೆಸಿದರು. ಗಡಿಯ ಭಾಗದಲ್ಲಿ ಬರೆಯುವವರಿಗೆ ಮಾದರಿಗಳ ಬಡತನವಿಲ್ಲ.

ಶೀರ್ಷಿಕೆಯು ಒಳಗಿನ ವಿಷಯವನ್ನು ಹೇಳಬೇಕು. ‘ಚಿಂತನ’, ‘ಮಂಥನ’, ‘ಸ್ಪಂದನ’ ಎಂಬ ಹೆಸರುಗಳ ಕೆಳಗೆ ಏನು ಬೇಕಾದರೂ ಇರಬಹುದಾದ್ದರಿಂದ ಯಾರೂ ನೋಡಹೋಗರು. ‘ಕಬ್ಬಿನ ಬಿಲ್ಲಿನಲ್ಲಿ ಯಾವ ಯಾವ ಕಡಿತ?’ ಎಂದರೆ ಎಲ್ಲರೂ ನೋಡುವರು. ಒಂದು ಲೇಖನಕ್ಕೆ ಒಂದೇ ವಿಷಯ. ಪೀಠಿಕೆಯನ್ನು ಬರೆದು ಮುಗಿಸಿದ ಮೇಲೆ ಅದನ್ನು ಹೊಡೆದುಹಾಕಿ, ಎರಡನೆಯ ಪರಿಚ್ಛೇದದಿಂದ ಓದಿ ನೋಡಿರಿ. ಬಹುತರವಾಗಿ ಲೇಖನಕ್ಕೆ ಏನೂ ನಷ್ಟವಾಗಿರುವದಿಲ್ಲ. ನಮ್ಮ ಮನೆಗಳಲ್ಲಿ ಒಬ್ಬರು ಓದಿ ನಾಲ್ವರು ಕೇಳುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲವಾದ್ದರಿಂದ, ಕಳಿಸುವ ಮುಂಚೆ ಮನೆಯವರಲ್ಲಿ ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳುವದು ಉತ್ತಮ. ಉಸಿರು ಸಾಲದ ಕಡೆಗೆ ವಾಕ್ಯವನ್ನು ಮುರಿಯಬೇಕು. ಕೇಳುವವರು ಅಡಿಗೆಮನೆಗೆ ಎದ್ದುಹೋದ ಕಡೆಗೆ ಪರಿಚ್ಛೇದವನ್ನೇ ತೆಗೆಯಬೇಕು.

ಬರೆಯುವದಕ್ಕಿಂತಲೂ ಕಠಿಣವಾದದ್ದು ತಪ್ಪದೆ ಬರೆಯುವದು. ತಿಂಗಳ ಐದನೆಯ ತಾರೀಖಿಗೆ ಬರುವ ಪತ್ರಿಕೆಯು ಒಮ್ಮೆ ಹದಿನೈದಕ್ಕೆ ಬಂದರೆ ಸದಸ್ಯನು ಕ್ಷಮಿಸುವನು. ಮುಂದಿನ ಸಲ ಇಪ್ಪತ್ತಕ್ಕೆ ಬಂದರೆ ಕಾಯುವದನ್ನೇ ಬಿಡುವನು. ಕಾಯುವದನ್ನು ಬಿಟ್ಟವನು ಕೊಡುವದನ್ನೂ ಬಿಡುವನೆಂಬುದು ಹೇಳಬೇಕಾದ ಮಾತಲ್ಲ. ಆದ್ದರಿಂದ ಪತ್ರಿಕೆಯ ಮೊದಲನೆಯ ಸಂಚಿಕೆಯನ್ನು ಅಚ್ಚಿಗೆ ಕಳಿಸುವ ದಿನ ಮುಂದಿನ ಮೂರು ತಿಂಗಳ ಲೇಖನಗಳು ಕೈಯಲ್ಲಿರಲಿ. ಸುಗ್ಗಿ, ಮದುವೆ, ಜಡ್ಡು-ಜಾಪತ್ತು ಲೇಖಕನ ಮನೆಗೂ ಬರುವವು. ಪ್ರತಿ ಸಂಚಿಕೆಯೂ ತನ್ನಷ್ಟಕ್ಕೆ ಪೂರ್ಣವಾಗಿರಬೇಕು. ಆದರೂ ಒಂದು ಎಳೆಯು ಮುಂದಿನ ಸಂಚಿಕೆಗೆ ಚಾಚಿಕೊಂಡಿದ್ದರೆ ಒಳ್ಳೆಯದು. ಗಳಗನಾಥರ ಕಾಲದಲ್ಲಿ ಕಾದಂಬರಿಯು ಮಾಡುತ್ತಿದ್ದ ಈ ಕೆಲಸವನ್ನು ಇಂದು ಊರಿನ ಇತಿಹಾಸವೋ, ಹಿರಿಯರೊಬ್ಬರ ನೆನಪುಗಳೋ ಮಾಡಬಲ್ಲವು.

ಇನ್ನೂ ಸದಸ್ಯರಾಗದವರಿಗೆ ಏನನ್ನು ಕೊಡಬೇಕು? ಉಳಿದುಹೋದ ಹಳೆಯ ಸಂಚಿಕೆಯನ್ನು ಮಾದರಿ ಪ್ರತಿಯೆಂದು ಹಂಚುವ ಜಿಪುಣತನವನ್ನು ನಾವು ಕಂಡಿದ್ದೇವೆ. ಹಂಚುವದಾದರೆ ಅತ್ಯುತ್ತಮವಾದದ್ದನ್ನೇ ಹಂಚಬೇಕು. ಪ್ರವಾಹದ ಲೇಖನದಂಥ ಎಲ್ಲರ ಜೀವಕ್ಕೆ ಸಂಬಂಧಿಸಿದ್ದನ್ನು ವರ್ಗಣಿಯ ಬೇಲಿಯೊಳಗೆ ಇಡುವದು ಧರ್ಮವೂ ಅಲ್ಲ, ವ್ಯವಹಾರಜ್ಞಾನವೂ ಅಲ್ಲ. ಸದಸ್ಯರಿಗಾಗಿಯೇ ಮೀಸಲಿಡತಕ್ಕದ್ದು ಅವರ ಪ್ರಶ್ನೆಗಳಿಗೆ ಉತ್ತರ, ಅವರ ಲೆಕ್ಕದ ವಿವರ, ಅವರ ಮನೆಯ ಮಕ್ಕಳ ಬರಹ. ‘ನಮ್ಮ ಮೊಮ್ಮಗಳು ಬರೆದದ್ದು ಬಂದಿದೆ’ ಎಂದು ಒಂದು ಪ್ರತಿಯನ್ನು ಓಣಿಯಲ್ಲೆಲ್ಲ ತೋರಿಸಿಕೊಂಡು ಬರುವ ಅಜ್ಜನಿಗಿಂತ ಉತ್ತಮ ಪ್ರಚಾರಕನು ಎಲ್ಲಿಯೂ ಸಿಗನು.

ಕಳಿಸುವ ಖರ್ಚನ್ನೂ ಮೊದಲೇ ನೋಡಿಕೊಳ್ಳಬೇಕು. ಗ್ರಂಥಮಾಲೆಗಳಿಗೆ ಆಧಾರವಾಗಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಎಂಬ ಅಗ್ಗದ ಅಂಚೆಯು 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಎಂಬ ಹೊಸ ವ್ಯವಸ್ಥೆಯು ಬಂದಿತು. ಆರಂಭದ ದರಪಟ್ಟಿಯಂತೆ 300 ಗ್ರಾಂವರೆಗಿನ ಪುಸ್ತಕಕ್ಕೆ 20 ರೂಪಾಯಿ. ಆದರೆ ನಿಯತಕಾಲಿಕೆಗಳಿಗೆ ಅದು ಸಲ್ಲುವದಿಲ್ಲ. ಹತ್ತಿಪ್ಪತ್ತು ಹಳ್ಳಿಗಳೊಳಗಿನ ಸಂಘವಾದರೆ ಹಾಲಿನ ಸಂಘದ ಗಾಡಿಯಲ್ಲಿಯೋ, ಶಾಲೆಗೆ ಹೋಗಿಬರುವ ಶಿಕ್ಷಕರ ಕೈಯಲ್ಲಿಯೋ ಕಟ್ಟನ್ನು ಕಳಿಸುವ ಏರ್ಪಾಡು ಮಾಡಿಕೊಳ್ಳುವದು ಲೇಸು. ವರ್ಷದ ಹನ್ನೊಂದನೆಯ ಸಂಚಿಕೆಯಲ್ಲಿ ‘ವರ್ಗಣಿ ತೀರಿತು’ ಎಂಬ ಕೆಂಪು ಚೀಟಿಯನ್ನು ಮಾತ್ರ ಅಂಟಿಸದೆ, ಬರುವ ವರ್ಷದಲ್ಲಿ ಯಾವ ಯಾವ ಲೇಖನಗಳು ಬರುವವೆಂಬ ಪಟ್ಟಿಯನ್ನೂ, ವಿಳಾಸ ಬರೆದ ಒಂದು ಅಂಚೆ ಕಾರ್ಡನ್ನೂ ಒಳಗೆ ಇಡಿರಿ. ಕಾರ್ಡಿನಲ್ಲಿ ಒಂದೇ ಪ್ರಶ್ನೆ ಇರಲಿ: ಹೋದ ವರ್ಷ ನಿಮ್ಮ ಮನೆಯಲ್ಲಿ ಯಾರೂ ಓದದ ಪುಟ ಯಾವದು?